ಕುಂಚ ಹಿಡಿದ ಮೇಷ್ಟರ ಲೇಖನಿ

ಬರೆಯುವ ಚಿತ್ರಕಾರನನ್ನು ಕಂಡರೆ ಎರಡು ಕಡೆಯವರಿಗೂ ಅಷ್ಟಕ್ಕಷ್ಟೆ. 'ಅವರು ಲೇಖಕರು ಬಿಡಿ' ಎಂದು ಚಿತ್ರಕಾರರು ಕೈ ತೊಳೆದುಕೊಳ್ಳುತ್ತಾರೆ. 'ಅವರು ಚಿತ್ರ ಬಿಡಿಸುವವರಲ್ಲವೆ' ಎಂದು ಲೇಖಕರು ಪಕ್ಕಕ್ಕಿಡುತ್ತಾರೆ. ಜೊತೆಗೆ ಆತ ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತಿದ್ದರಂತೂ ತೀರ್ಪು ಮೊದಲೇ ಸಿದ್ಧ: ಸಂಬಳಕ್ಕೆ ಪಾಠ, ಹೆಸರಿಗೆ ಬರಹ, ಬಿಡುವಾದಾಗ ಚಿತ್ರ.

ಸ್ನೇಹಿತರೆ, ಇದು ನಮ್ಮ ಭಾಷೆಯ ಜಾಯಮಾನಕ್ಕೆ ಒಗ್ಗುವ ತೀರ್ಪಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕನ್ನಡದಲ್ಲಿ ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. 'ಅಪ್ಪಾ, ಒಂದು ಆನೆ ಬರೆದುಕೊಡು' ಎಂದು ಕೇಳುವ ಮಗುವಿಗೆ ಎರಡು ಕ್ರಿಯಾಪದ ಬೇಕಾಗುವುದಿಲ್ಲ. ಪಕ್ಕದ ಮಲಯಾಳದಲ್ಲೂ ಹೀಗೆಯೇ. ಅಲ್ಲಿ ಚಿತ್ರಕಲೆಗೆ 'ಚಿತ್ರಮೆೞುತ್ತು', ಅಂದರೆ ಚಿತ್ರದ ಎಳುತ್ತು, ಬರವಣಿಗೆ ಎಂಬ ಹಳೆಯ ಹೆಸರಿದೆ. ಕುಂಚವನ್ನೂ ಲೇಖನಿಯನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ್ದು ತೀರ ಈಚಿನ ಏರ್ಪಾಡು.

ಆ ಗೋಡೆಯನ್ನು ಒಪ್ಪದೆ ಎಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬರ ಬಗ್ಗೆ ಈ ಹೊತ್ತಿನ ಮಾತು. ಅವರು ಕಲ್ಪಾತಿ ಗಣಪತಿ ಸುಬ್ರಮಣ್ಯನ್. ಕಲಾಲೋಕಕ್ಕೆ ಕೆ.ಜಿ. ಸುಬ್ರಮಣ್ಯನ್, ಬರೋಡ ಮತ್ತು ಶಾಂತಿನಿಕೇತನದ ವಿದ್ಯಾರ್ಥಿಗಳಿಗೆ 'ಮಣಿದಾ'. ಚಿತ್ರಕಾರ, ಭಿತ್ತಿಚಿತ್ರಗಳ ನಿರ್ಮಾಪಕ, ಆಟಿಕೆ ಮಾಡಿದವರು, ಮಕ್ಕಳ ಪುಸ್ತಕ ಬರೆದವರು, ಮೂರು ದಶಕಗಳಿಗೂ ಮೀರಿ ಮೇಷ್ಟರು, ಸ್ವಾತಂತ್ರ್ಯೋತ್ತರ ಭಾರತದ ಮುಖ್ಯ ಕಲಾವಿಮರ್ಶಕರಲ್ಲಿ ಒಬ್ಬರು. ಪದ್ಮಶ್ರೀ 1975ರಲ್ಲಿ, ಪದ್ಮಭೂಷಣ 2006ರಲ್ಲಿ, ಪದ್ಮವಿಭೂಷಣ 2012ರಲ್ಲಿ ಬಂದವು. ಬಿರುದುಗಳ ಮಾತು ಇಲ್ಲಿಗೆ ಸಾಕು.

ಅವರು ಹುಟ್ಟಿದ್ದು 1924ರ ಫೆಬ್ರುವರಿ 15ರಂದು, ಉತ್ತರ ಮಲಬಾರಿನ ಕೂತ್ತುಪರಂಬದಲ್ಲಿ. ತಮಿಳು ಮಾತನಾಡುವ ಮನೆತನ, ಸುತ್ತ ಮಲಯಾಳ. ಬಾಲ್ಯ ಕಳೆದದ್ದು ಫ್ರೆಂಚರ ಆಡಳಿತದಲ್ಲಿದ್ದ ಮಾಹೆಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ. 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದರು. ಹೊರಬಂದ ಮೇಲೆ ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಬ್ರಿಟಿಷ್ ಸರ್ಕಾರ ಒಬ್ಬ ಅರ್ಥಶಾಸ್ತ್ರದ ಪದವೀಧರನನ್ನು ಕಳೆದುಕೊಂಡಿತು. ಬಂಗಾಳದ ಕಡೆಗೆ ಒಂದು ದಾರಿ ತೆರೆಯಿತು. 1944ರಲ್ಲಿ ಅವರು ಶಾಂತಿನಿಕೇತನದ ಕಲಾಭವನ ಸೇರಿದರು.

ಕಲಾಭವನದ ಮುಖ್ಯಸ್ಥರಾಗಿದ್ದ ನಂದಲಾಲ್ ಬೋಸ್ ಅವರ ಹೆಸರು ನಮಗೆ ಹೊಸದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಯಾರ ಹೆಸರಿದೆಯೋ ಆ ಕೆ. ವೆಂಕಟಪ್ಪ ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರಲ್ಲ, ಆಗ ನಂದಲಾಲ್ ಅವರ ಸಹಪಾಠಿ. ಇಬ್ಬರ ದಾರಿ ಮುಂದೆ ಬೇರೆಯಾಯಿತು. ವೆಂಕಟಪ್ಪ ಒಬ್ಬಂಟಿ ಸಾಧಕರಾಗಿ ಉಳಿದರು, ನಂದಲಾಲ್ ಒಂದು ಶಾಲೆಯನ್ನೇ ಕಟ್ಟಿದರು. ಕಲೆಯಲ್ಲಿ ಗುರುವಿನ ಸ್ಥಾನ ಏನು ಎಂದು ಯೋಚಿಸುವವರಿಗೆ ಈ ಇಬ್ಬರು ಗೆಳೆಯರ ಜೀವನವನ್ನು ಹೋಲಿಸುವುದೇ ಒಂದು ಪಾಠ.

ಸುಬ್ರಮಣ್ಯನ್ ಅವರಿಗೆ ಅಲ್ಲಿ ಸಿಕ್ಕಿದ್ದು ಮೂವರು ಗುರುಗಳು: ನಂದಲಾಲ್, ವಿನೋದ ಬಿಹಾರಿ ಮುಖರ್ಜಿ, ಶಿಲ್ಪಿ ರಾಮಕಿಂಕರ್ ಬೈಜ್. ಈ ಪೈಕಿ ವಿನೋದ ಬಿಹಾರಿಯವರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಹುಟ್ಟಿನಿಂದ ಒಂದು ಕಣ್ಣಿಗೆ ದೃಷ್ಟಿ ಇಲ್ಲ, ಇನ್ನೊಂದಕ್ಕೆ ತೀವ್ರ ಸಮೀಪದೃಷ್ಟಿ. ಇಂಥವರು 1946–47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲ್ಭಾಗದಲ್ಲಿ ಮಧ್ಯಯುಗದ ಸಂತರ ಬದುಕನ್ನು ಬರೆದರು. ಅದಕ್ಕೆ ನೆರವಾದ ವಿದ್ಯಾರ್ಥಿಗಳಲ್ಲಿ ಸುಬ್ರಮಣ್ಯನ್ ಒಬ್ಬರು.

ಹಸಿ ಗಾರೆಯ ಮೇಲೆ ಬರೆಯುವುದೆಂದರೆ ಏನು? ಸುಣ್ಣದ ಗಾರೆಯನ್ನು ಗೋಡೆಗೆ ಮೆತ್ತಿ, ಅದು ಆರುವುದರೊಳಗೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣ ಗಾಳಿಯಲ್ಲಿ ಗಟ್ಟಿಯಾಗುತ್ತ ಬಣ್ಣದ ಕಣಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಗೋಡೆಯ ಮೇಲೆ ಕೂರುವುದಿಲ್ಲ, ಗೋಡೆಯೇ ಆಗುತ್ತದೆ. ಹಾಗಾಗಿ ಆ ದಿನ ಎಷ್ಟು ಮುಗಿಸಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಗಾರೆ ಹಾಕಬೇಕು. ತಪ್ಪಿದರೆ ಗಾರೆ ಕಿತ್ತು ಮತ್ತೆ ಮೆತ್ತಬೇಕು. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಪೂರ್ಣ ಅಳತೆಯ ರೇಖಾಚಿತ್ರವನ್ನು ಮೊದಲು ಕಾಗದದ ಮೇಲೆ ಮಾಡಿ ಗೋಡೆಗೆ ಇಳಿಸುತ್ತಾರೆ. ವಿನೋದ ಬಿಹಾರಿ ಅದನ್ನೂ ಮಾಡಲಿಲ್ಲ. ನೇರವಾಗಿ ಗೋಡೆಯ ಮೇಲೆಯೇ ಬರೆದರು. ಪಕ್ಕದಲ್ಲಿ ನಿಂತು ಕಲಸಿ ಕೊಡುತ್ತಿದ್ದ ಹುಡುಗರಿಗೆ ಯಾವ ಸೌಂದರ್ಯಶಾಸ್ತ್ರದ ಉಪನ್ಯಾಸವೂ ಕಲಿಸಲಾರದ್ದನ್ನು ಅದು ಕಲಿಸಿರಬೇಕು. ವಸ್ತುವಿಗೂ ತನ್ನದೇ ಹಟವಿದೆ, ಅದರೊಂದಿಗೆ ಮಾತುಕತೆಗೆ ಕೂತರೆ ಮಾತ್ರ ಚಿತ್ರ ಹುಟ್ಟುತ್ತದೆ ಎಂಬುದನ್ನು.

1957ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ವಿನೋದ ಬಿಹಾರಿ ಇದ್ದ ಅಷ್ಟು ದೃಷ್ಟಿಯನ್ನೂ ಕಳೆದುಕೊಂಡರು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿದರು, ಪಾಠ ಹೇಳಿದರು, ಬರೆಸಿದರು. ಅವರ ಹಳೆಯ ವಿದ್ಯಾರ್ಥಿ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರ 'ದಿ ಇನ್ನರ್ ಐ' ಹೆಸರಾದದ್ದು. ಅವರ ಬಂಗಾಳಿ ಆತ್ಮಕಥನ 'ಚಿತ್ರಕರ್' ಅನ್ನು ಇಂಗ್ಲಿಷಿಗೆ ತಂದವರು ಸ್ವತಃ ಸುಬ್ರಮಣ್ಯನ್. ಚಿತ್ರ, ಪಾಠ, ಬರಹ ಮೂರೂ ಒಂದೇ ಕಸುಬಿನ ಭಾಗ ಎಂಬ ನಡವಳಿಕೆ ಅವರಿಗೆ ಗುರುವಿನ ಮನೆಯಿಂದಲೇ ಬಂದದ್ದು.

1951ರಲ್ಲಿ ಸುಬ್ರಮಣ್ಯನ್ ಬರೋಡಕ್ಕೆ ಬಂದರು. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಶುರುವಾಗಿ ಆಗ ಒಂದೇ ವರ್ಷ. ಚಿತ್ರಕಲೆಯಲ್ಲಿ ಎನ್.ಎಸ್. ಬೇಂದ್ರೆ, ಶಿಲ್ಪದಲ್ಲಿ ಶಂಖೊ ಚೌಧುರಿ ಇದ್ದರು. ಈ ವಿಭಾಗ ಏಕೆ ಮಹತ್ವದ್ದು ಎಂದು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮದರಾಸಿನ ಕಲಾಶಾಲೆ 1850ರಲ್ಲಿ, ಕಲ್ಕತ್ತೆಯದು 1854ರಲ್ಲಿ, ಮುಂಬಯಿಯ ಜೆ.ಜೆ. ಶಾಲೆ 1857ರಲ್ಲಿ ಆರಂಭವಾದವು. ಇವುಗಳ ಮೂಲ ಉದ್ದೇಶ ಕುಶಲಕರ್ಮಿಗಳಿಗೆ ತರಬೇತಿ. ಆದರೆ ಕಾಲಕ್ರಮದಲ್ಲಿ ಅಲ್ಲಿಗೆ ಬಂದವರು ಕುಂಬಾರ, ಬಡಗಿ, ಅಕ್ಕಸಾಲಿಗರ ಮಕ್ಕಳಿಗಿಂತ ಹೆಚ್ಚಾಗಿ ನಗರದ ವಿದ್ಯಾವಂತ ಮನೆಗಳ ಮಕ್ಕಳು. ಕಲಿಕೆ ಎಂದರೆ ಪ್ಲಾಸ್ಟರ್ ಪ್ರತಿಮೆಗಳ ನಕಲು, ತೈಲವರ್ಣದ ಭಾವಚಿತ್ರ ಎಂದಾಯಿತು. ಹೀಗೆ ಒಂದೇ ಕಟ್ಟಡದಿಂದ ಎರಡು ಜಾತಿಗಳು ಹೊರಬಂದವು: ಸಹಿ ಹಾಕುವ 'ಕಲಾವಿದ', ಸಹಿ ಇಲ್ಲದ 'ಕುಶಲಕರ್ಮಿ'. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ಕೆತ್ತನೆ, ಚಿತ್ರ ಒಂದೇ ಸೂರಿನಡಿ ಇದ್ದರೂ ಹೊರಗಿನ ಜಗತ್ತು ಆ ಭೇದವನ್ನು ಬಿಡಲಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳವನ್ನೇ ನೋಡಿ. ಅಲ್ಲಿ ಮರದ ಗೊಂಬೆಗೂ ದೇವರ ವಿಗ್ರಹಕ್ಕೂ ಬಣ್ಣ ಹಚ್ಚುವ ಮನೆತನಗಳ ಹೆಸರೇ 'ಚಿತ್ರಗಾರ'. ಆದರೂ ಪತ್ರಿಕೆಯಲ್ಲಿ ಅವರ ಸುದ್ದಿ ಬಂದರೆ 'ಕುಶಲಕರ್ಮಿಗಳು' ಎಂದೇ ಬರುತ್ತದೆ. ಬೆಂಗಳೂರಿನ ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟವರು 'ಕಲಾವಿದರು'. ಈ ಎರಡು ಪದಗಳ ನಡುವೆ ಇರುವುದು ಬರೀ ಗೌರವದ ಅಂತರವಲ್ಲ, ಕೂಲಿಯ ಅಂತರ ಕೂಡ. ಸುಬ್ರಮಣ್ಯನ್ ಅವರ ಬರಹದ ಬಹುಪಾಲು ಈ ಅಂತರದ ವಿಚಾರಣೆಯೇ.

ವಿಚಾರಣೆ ನಡೆಸುವ ಮೊದಲು ಅವರು ಸ್ಥಳ ಪರಿಶೀಲನೆ ಮಾಡಿದರು ಎನ್ನಬಹುದು. 1955–56ರಲ್ಲಿ ಲಂಡನ್ನಿನ ಸ್ಲೇಡ್ ಶಾಲೆಗೆ ಹೋಗಿಬಂದವರು 1959ರಲ್ಲಿ ಬರೋಡ ಬಿಟ್ಟು ಮುಂಬಯಿಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಲಿಯ ವಿನ್ಯಾಸ ವಿಭಾಗದ ಉಪನಿರ್ದೇಶಕರಾದರು. ಸ್ವಾತಂತ್ರ್ಯಾನಂತರದ ಆ ವರ್ಷಗಳಲ್ಲಿ ಕೈಕಸುಬುಗಳನ್ನು ಉಳಿಸಿಕೊಳ್ಳುವುದು ರಾಷ್ಟ್ರೀಯ ಕಾರ್ಯಕ್ರಮವಾಗಿತ್ತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಕರಕುಶಲ ಮಂಡಲಿಯ ನೇತೃತ್ವ ವಹಿಸಿ ಹಳ್ಳಿಹಳ್ಳಿ ತಿರುಗುತ್ತಿದ್ದ ಕಾಲ ಅದು. ಚಿತ್ರಕಾರರನ್ನು ಕರೆದು ನೇಕಾರರಿಗೆ ಹೊಸ ವಿನ್ಯಾಸ ಕೊಡಿಸುವುದು ಸರ್ಕಾರದ ಲೆಕ್ಕಾಚಾರ.

ಆದರೆ ಮಗ್ಗದ ಮುಂದೆ ಕೂತ ಚಿತ್ರಕಾರನಿಗೆ ಬೇಗ ತಿಳಿಯುವ ಸಂಗತಿಯೊಂದಿದೆ. ಕಾಗದದ ಮೇಲೆ ಬರೆದ ಬಳ್ಳಿ ಮಗ್ಗದಲ್ಲಿ ಬಳ್ಳಿಯಾಗುವುದಿಲ್ಲ. ಹಾಸು ಹೊಕ್ಕುಗಳ ಲೆಕ್ಕಕ್ಕೆ ಸಿಕ್ಕು ಅದು ಮೆಟ್ಟಿಲು ಮೆಟ್ಟಿಲಾಗುತ್ತದೆ. ಧಾರವಾಡದ ಕಸೂತಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆ ಎಣಿಸಿ, ಗಂಟು ಹಾಕದೆ, ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಗೋಪುರ, ತೇರು, ತುಳಸಿಕಟ್ಟೆ ಮೂಡುತ್ತವೆ. ಅವುಗಳ ಆಕಾರ ನಿರ್ಧರಿಸುವುದು ಕಸೂತಿ ಹಾಕುವಾಕೆಯ ಕಣ್ಣು ಮಾತ್ರವಲ್ಲ, ಬಟ್ಟೆಯ ನೇಯ್ಗೆ ಕೂಡ. ಅಂದರೆ ಪ್ರತಿಯೊಂದು ಕಸುಬೂ ಒಂದು ಭಾಷೆ; ಅದಕ್ಕೆ ತನ್ನದೇ ವ್ಯಾಕರಣ, ತನ್ನದೇ ಛಂದಸ್ಸು. ಇದು ಸುಬ್ರಮಣ್ಯನ್ ಅವರ ಚಿಂತನೆಯ ತಿರುಳು. ಒಂದು ಭಾಷೆ ಬಲ್ಲವನಿಗಿಂತ ಹಲವು ಭಾಷೆ ಬಲ್ಲವನು ಲೋಕವನ್ನು ಹೆಚ್ಚು ವಿಧವಾಗಿ ನೋಡಬಲ್ಲ ಎಂಬ ನಂಬಿಕೆಯಿಂದಲೇ ಅವರು ಕ್ಯಾನ್ವಾಸ್ ಬಿಟ್ಟು ಮಣ್ಣಿಗೆ, ಮರಕ್ಕೆ, ಗಾಜಿಗೆ ಹೋದದ್ದು. ಒಂದು 'ಶೈಲಿ'ಯನ್ನು ಗುರುತಿನ ಚೀಟಿಯ ಹಾಗೆ ಜೀವಮಾನವಿಡೀ ಜೇಬಿನಲ್ಲಿ ಇಟ್ಟುಕೊಳ್ಳುವ ಕಲಾವಿದರ ನಡುವೆ ಇದು ಅಪರೂಪ.

1961ರಲ್ಲಿ ಅವರು ಬರೋಡಕ್ಕೆ ಮರಳಿದರು. ಅದೇ ವರ್ಷ ಅಲ್ಲಿ ಲಲಿತಕಲಾ ಮೇಳ ಆರಂಭವಾಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂತು ತಮ್ಮ ಕೈಯಾರೆ ಆಟಿಕೆ, ಮಡಕೆ, ಮುಖವಾಡ ಮಾಡಿ ಊರಿನ ಜನಕ್ಕೆ ಮಾರುವ ಸಂತೆ. ಮರದ ತುಂಡು, ಚರ್ಮ, ಮಣಿಗಳಿಂದ ಸುಬ್ರಮಣ್ಯನ್ ಮಾಡಿದ ಪ್ರಾಣಿಗಳನ್ನು ಇಂದು ಸಂಗ್ರಾಹಕರು ಕಲಾಕೃತಿಗಳೆಂದು ಜೋಪಾನ ಮಾಡುತ್ತಾರೆ. ಮಾಡಿದ್ದು ಮಾತ್ರ ಮೇಳಕ್ಕೆ, ಮಕ್ಕಳ ಕೈಗೆ. 1968ರಿಂದ 1974ರವರೆಗೆ ಅವರು ಆ ವಿಭಾಗದ ಡೀನ್ ಆಗಿದ್ದರು. ಡೀನ್ ಸಾಹೇಬರು ಆಟಿಕೆ ಮಾಡಬಹುದೇ ಎಂದು ಯಾರಾದರೂ ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಉತ್ತರ ಮೇಳದ ಮಳಿಗೆಯಲ್ಲೇ ಇತ್ತು.

ಬರಹ ಮತ್ತು ಕೈಕೆಲಸ ಹೇಗೆ ಒಂದನ್ನೊಂದು ಪರೀಕ್ಷಿಸಿದವು ಎಂಬುದಕ್ಕೆ ಮೂರು ಕೃತಿಗಳನ್ನು ನೋಡಬಹುದು.

ಮೊದಲನೆಯದು ಲಖನೌದಲ್ಲಿದೆ. ಅಲ್ಲಿನ ರವೀಂದ್ರಾಲಯ ರಂಗಮಂದಿರದ ಹೊರಗೋಡೆಗೆ 1963ರಲ್ಲಿ ಅವರು ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಭಿತ್ತಿಶಿಲ್ಪವೊಂದನ್ನು ರಚಿಸಿದರು. ಉದ್ದ 81 ಅಡಿ, ಎತ್ತರ 9 ಅಡಿ. ವಸ್ತು ರವೀಂದ್ರರ 'ರಾಜಾ' ನಾಟಕ: ಕತ್ತಲ ಕೋಣೆಯಲ್ಲಿ ಮಾತ್ರ ರಾಣಿಗೆ ಸಿಗುವ, ಯಾರಿಗೂ ಮುಖ ತೋರಿಸದ ರಾಜನ ಕಥೆ. ಕಾಣದ ರಾಜನನ್ನು ಕಣ್ಣಿಗೆ ಕಾಣುವ ಗೋಡೆಯ ಮೇಲೆ ಹೇಗೆ ತರುವುದು? ಅವರು ಒಂದು ದೊಡ್ಡ ದೃಶ್ಯ ಬರೆಯಲಿಲ್ಲ. ಅಕ್ಷರ ಜೋಡಿಸಿ ಪದ, ಪದ ಜೋಡಿಸಿ ವಾಕ್ಯ ಕಟ್ಟುವ ಹಾಗೆ ಸಾವಿರಾರು ಚಿಕ್ಕ ಬಿಲ್ಲೆಗಳನ್ನು ಜೋಡಿಸಿ ಆಕೃತಿಗಳನ್ನು ಎಬ್ಬಿಸಿದರು. ಹತ್ತಿರ ಹೋದರೆ ಮಣ್ಣಿನ ಮಡಿಕೆ, ಗೀರು, ಗುಂಡಿ. ರಸ್ತೆಯ ಆಚೆ ನಿಂತರೆ ರಾಜರು, ಪರಿವಾರ, ಜಾತ್ರೆ. ಬಂಗಾಳದ ಇಟ್ಟಿಗೆ ದೇವಾಲಯಗಳ ಸುಡುಮಣ್ಣಿನ ಫಲಕಗಳನ್ನು ಬಲ್ಲವರಿಗೆ ಇದರ ನೆಂಟಸ್ತಿಕೆ ಹೊಳೆಯುತ್ತದೆ. ಆದರೆ ನಕಲು ಎನ್ನುವಂತಿಲ್ಲ.

ಎರಡನೆಯದು 1970ರ ದಶಕದ ಆರಂಭದ ಸುಡುಮಣ್ಣಿನ ಉಬ್ಬುಶಿಲ್ಪಗಳು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ನರಮೇಧದ ಸುದ್ದಿ ಪತ್ರಿಕೆಗಳನ್ನು ತುಂಬಿತ್ತು. ಎದೆಯ ಮೇಲೆ ಪದಕಗಳನ್ನೂ ಸುತ್ತ ಬೇಟೆಯ ಬಹುಮಾನದಂತೆ ಹೆಣಗಳನ್ನೂ ಜೋಡಿಸಿಕೊಂಡ ಸೇನಾಧಿಪತಿಗಳನ್ನು ಅವರು ಮಣ್ಣಿನಲ್ಲಿ ಮಾಡಿದರು. ರೊಟ್ಟಿಯ ಹಿಟ್ಟಿನಂತೆ ತೆಳ್ಳಗೆ ತಟ್ಟಿ, ಚಿವುಟಿ, ಮಡಿಸಿದ ಮಣ್ಣು ಅಲ್ಲಿ ಚರ್ಮವಾಗುತ್ತದೆ, ಗಾಯವಾಗುತ್ತದೆ. 'ಕರಕುಶಲ' ಎಂದರೆ ಬೈಠಕ್ ಖಾನೆಯ ಅಲಂಕಾರ ಎಂದುಕೊಂಡವರಿಗೆ ಇದೊಂದು ಕಪಾಳಮೋಕ್ಷ. ಸೌಮ್ಯ ಮಾತಿನ ಮೇಷ್ಟರು ರಾಜಕೀಯದಿಂದ ದೂರ ಎಂದು ಭಾವಿಸಬೇಕಾಗಿಲ್ಲ. ತುರ್ತುಪರಿಸ್ಥಿತಿಯನ್ನು ಕುರಿತು ಅವರು ಕಪ್ಪು ಬಿಳುಪಿನಲ್ಲಿ ರೂಪಿಸಿದ ಚಿತ್ರಕಥೆ 'ದಿ ಟೇಲ್ ಆಫ್ ದಿ ಟಾಕಿಂಗ್ ಫೇಸ್' 1989ರಲ್ಲಿ ಪುಸ್ತಕವಾಗಿ ಬಂತು. ನೋಡಲು ಮಕ್ಕಳ ಕಥೆ, ಓದಿದರೆ ದೊಡ್ಡವರಿಗೆ ಇರುಸುಮುರುಸು.

ಮೂರನೆಯದು ಗಾಜಿನ ಹಿಂಬದಿಯ ಚಿತ್ರಗಳು. ಹಳೇ ಮೈಸೂರು ಕಡೆಯ ಮನೆಗಳಲ್ಲಿ, ಅರಮನೆಯ ಸಂಗ್ರಹದಲ್ಲಿ ಇಂಥ ಚಿತ್ರಗಳನ್ನು ಕಂಡವರುಂಟು: ತೊಟ್ಟಿಲ ಕೃಷ್ಣ, ರಾಮಪಟ್ಟಾಭಿಷೇಕ, ಕೈಯಲ್ಲಿ ಗುಲಾಬಿ ಹಿಡಿದ ನಾಯಕಿ. ಮೈಸೂರು, ತಂಜಾವೂರುಗಳಲ್ಲಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿದ್ದ ಈ ವಿದ್ಯೆ ಅಚ್ಚಿನ ಕ್ಯಾಲೆಂಡರುಗಳು ಬಂದ ಮೇಲೆ ಮೂಲೆಗೆ ಸರಿಯಿತು. ಅದರ ಕ್ರಮ ಪೂರಾ ತಿರುವುಮುರುವು. ಸಾಮಾನ್ಯ ಚಿತ್ರದಲ್ಲಿ ಹಿನ್ನೆಲೆ ಮೊದಲು, ಕಣ್ಣಿನ ಹೊಳಪು ಕೊನೆಗೆ. ಇಲ್ಲಿ ಕಣ್ಣಿನ ಹೊಳಪು, ಒಡವೆಯ ಚುಕ್ಕಿ ಮೊದಲು. ಮೈಬಣ್ಣ ಅದರ ಮೇಲೆ. ಆಕಾಶ ಎಲ್ಲಕ್ಕಿಂತ ಕೊನೆಗೆ. ಎಡ ಬಲ ಅದಲುಬದಲು. ಒಮ್ಮೆ ಹಚ್ಚಿದ ಮೇಲೆ ತಿದ್ದುವ ಮಾತಿಲ್ಲ, ಏಕೆಂದರೆ ಮೊದಲ ಗೆರೆಯೇ ಎಲ್ಲಕ್ಕಿಂತ ಮುಂದೆ ಕಾಣುತ್ತಿರುತ್ತದೆ.

1979–80ರ ಸುಮಾರಿಗೆ ಸುಬ್ರಮಣ್ಯನ್ ಇದನ್ನು ಕೈಗೆತ್ತಿಕೊಂಡರು, ಮುಂದೆ ಅಕ್ರಿಲಿಕ್ ಹಾಳೆಗಳ ಮೇಲೂ ಮುಂದುವರಿಸಿದರು. ದೇವರುಗಳ ಜಾಗಕ್ಕೆ ಮಧ್ಯಮ ವರ್ಗದ ಹೆಂಗಸರು, ಬೆಕ್ಕುಗಳು, ಕಿಟಕಿಗಳು, ಸೋಫಾಗಳು ಬಂದವು. ಆಮೇಲೆ ದುರ್ಗೆಯೂ ಮಹಿಷನೂ ಮರಳಿ ಬಂದರು, ಆದರೆ ಪಕ್ಕದ ಮನೆಯವರ ಹಾಗೆ. ಬಜಾರಿನ ಚಿತ್ರದ ತುಂಟತನವನ್ನು ಅವರು ಕಳೆಯಲಿಲ್ಲ. ವಿದ್ಯಾವಂತ ಕಲಾವಿದ ಜಾನಪದವನ್ನು 'ಎತ್ತರಿಸುವ' ಗತ್ತು ಈ ಚಿತ್ರಗಳಲ್ಲಿ ಕಾಣುವುದಿಲ್ಲ.

ಇನ್ನು ಬರಹಗಳ ಮಾತು. 1978ರಲ್ಲಿ ಲಲಿತಕಲಾ ಅಕಾಡೆಮಿ ಪ್ರಕಟಿಸಿದ 'ಮೂವಿಂಗ್ ಫೋಕಸ್', 1987ರ 'ದಿ ಲಿವಿಂಗ್ ಟ್ರೆಡಿಷನ್', 1992ರ 'ದಿ ಕ್ರಿಯೇಟಿವ್ ಸರ್ಕ್ಯೂಟ್', 2007ರ 'ದಿ ಮ್ಯಾಜಿಕ್ ಆಫ್ ಮೇಕಿಂಗ್' ಮುಖ್ಯವಾದವು. ಇವುಗಳಲ್ಲಿ ಬಹಳಷ್ಟು ಲೇಖನಗಳು ಉಪನ್ಯಾಸಗಳಾಗಿ ಹುಟ್ಟಿದವು. ವಾಕ್ಯಗಳಲ್ಲಿ ತರಗತಿಯ ಧಾಟಿ ಉಳಿದಿದೆ.

ಆ ದಿನಗಳಲ್ಲಿ ಕಲಾಚರ್ಚೆ ಎಂದರೆ ಎರಡು ಬಣಗಳ ಜಗಳ. ಪ್ಯಾರಿಸ್, ನ್ಯೂಯಾರ್ಕ್ ಕಡೆ ನೋಡಿ 'ಆಧುನಿಕರಾಗಿ' ಎನ್ನುವವರು ಒಂದು ಕಡೆ. ಅಜಂತಾ ಕಡೆ ತಿರುಗಿ 'ಭಾರತೀಯರಾಗಿ' ಎನ್ನುವವರು ಇನ್ನೊಂದು ಕಡೆ. ಸುಬ್ರಮಣ್ಯನ್ ಎರಡೂ ಕಡೆಯವರ ಒಂದು ನಂಬಿಕೆಯನ್ನು ಪ್ರಶ್ನಿಸಿದರು. ಪರಂಪರೆ ಎಂದರೆ ಮುಗಿದುಹೋದ ವಸ್ತು, ಅದನ್ನು ಬಿಟ್ಟುಹೋಗಬಹುದು ಅಥವಾ ಹಿಂದಿರುಗಿ ಹೋಗಿ ತರಬಹುದು ಎಂದು ಇಬ್ಬರೂ ಭಾವಿಸಿದ್ದರಲ್ಲ, ಅದನ್ನು. ಅವರ ದೃಷ್ಟಿಯಲ್ಲಿ ಪರಂಪರೆ ಒಂದು ಏಣಿಯಂತಿರುವ ಚಟುವಟಿಕೆ. ಕೆಳಗಿನ ಮೆಟ್ಟಿಲಲ್ಲಿ ಹಬ್ಬಕ್ಕೆ ಮಾಡಿ ಕರಗಿಸುವ ಮಣ್ಣಿನ ಗೊಂಬೆ, ಅಂಗಳದ ರಂಗೋಲಿ. ಮೇಲೆ ದೇವಾಲಯದ ಶಿಲ್ಪ. ಮೇಲಿನದು ಬದುಕುವುದು ಕೆಳಗಿನದರಿಂದ ಸತತ ಸರಬರಾಜು ಇರುವವರೆಗೆ ಮಾತ್ರ. ಕೆಳಗಿನ ಮೆಟ್ಟಿಲುಗಳನ್ನು ಪ್ಲಾಸ್ಟಿಕ್ ತಿಂದುಹಾಕಿದ ಮೇಲೆ ಮೇಲಿನದನ್ನು ಮ್ಯೂಸಿಯಂನಲ್ಲಿ ಎಷ್ಟು ಭದ್ರವಾಗಿಟ್ಟರೂ ಅದು ಬರೀ ಸಂಗ್ರಹ.

ಈ ವಾದವನ್ನು ಆನಂದ ಕುಮಾರಸ್ವಾಮಿಯಂಥ ದೊಡ್ಡವರು ಮೊದಲೇ ಬೇರೆ ರೀತಿಯಲ್ಲಿ ಹೇಳಿದ್ದರು ಎಂದು ನಿಮ್ಮಲ್ಲಿ ಓದಿಕೊಂಡವರು ಆಕ್ಷೇಪಿಸಬಹುದು. ನಿಜ. ಆದರೆ ಕುಮಾರಸ್ವಾಮಿ ಗ್ರಂಥಗಳಿಂದ ಕೆಳಗಿಳಿದು ಕಸುಬಿಗೆ ಬಂದರು, ಸುಬ್ರಮಣ್ಯನ್ ಕಸುಬಿನಿಂದ ಹತ್ತಿ ಮಾತಿಗೆ ಬಂದರು. ಕುಶಲಕರ್ಮಿಯನ್ನು ಋಷಿಯಾಗಿಸುವ ಆಸೆ ಇವರಿಗಿಲ್ಲ. ಅವನಿಗೆ ಹೊಟ್ಟೆಯಿದೆ, ಮಾರುಕಟ್ಟೆಯಿದೆ, ಬೇಸರವೂ ಇದೆ ಎಂಬುದನ್ನು ಕೈಮಗ್ಗ ಮಂಡಲಿಯ ವರ್ಷಗಳು ಕಲಿಸಿದ್ದವು. ಚಿತ್ರಕಾರನೇ ವಿಮರ್ಶಕನಾದಾಗ ಸಿಗುವ ಲಾಭ ಇದು. ಕೃತಿಯೊಂದು ಏನು ಹೇಳುತ್ತದೆ ಎಂಬುದರ ಜೊತೆಗೆ, ಅದನ್ನು ಮಾಡುವಾಗ ಕೈ ಎಲ್ಲಿ ತಡವರಿಸಿತು, ವಸ್ತು ಎಲ್ಲಿ ಒಲಿಯಿತು ಎಂಬುದೂ ಆತನಿಗೆ ಗೊತ್ತಾಗುತ್ತದೆ.

ನಷ್ಟವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಸಹೋದ್ಯೋಗಿಗಳ, ಗುರುಗಳ, ಶಿಷ್ಯರ ನಡುವೆಯೇ ಇದ್ದು ಬರೆಯುವವನು ಯಾರನ್ನು ಎಷ್ಟು ಖಾರವಾಗಿ ಟೀಕಿಸಿಯಾನು? ಸುಬ್ರಮಣ್ಯನ್ ಅವರ ಪುಸ್ತಕಗಳಲ್ಲಿ ತತ್ತ್ವದ ಚರ್ಚೆ ಹೇರಳ, ಸಮಕಾಲೀನರ ಇಂತಿಂಥ ಕೃತಿ ಸೋತಿದೆ ಎಂಬ ಖಂಡತುಂಡ ಮಾತು ವಿರಳ. ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಕಲಾವಿದ, ಕುಶಲಕರ್ಮಿ ಒಂದೇ ಎಂದು ಸಾರಿದ ಈ ಬರಹಗಳು ಇಂಗ್ಲಿಷಿನಲ್ಲಿವೆ. ಕಿನ್ನಾಳದ ಚಿತ್ರಗಾರನಿಗೆ, ಬಂಗಾಳದ ಪಟುವಾನಿಗೆ ಅವು ತಲುಪಿದ್ದೆಷ್ಟು? ಕಲಾಶಾಲೆಗಳ ಅಧ್ಯಾಪಕರ ಪಟ್ಟಿಯಲ್ಲಿ ವಂಶಪಾರಂಪರ್ಯದ ಕಸುಬುದಾರರು ಎಷ್ಟು ಮಂದಿ? ಭೇದ ಅಳಿಸಬೇಕೆಂಬ ಮಾತು ಭೇದದ ಮೇಲುಗಡೆಯವರ ನಡುವೆಯೇ ಹೆಚ್ಚು ಓಡಾಡಿತು ಎಂದರೆ ಅನ್ಯಾಯದ ಮಾತಲ್ಲ.

ಆದರೆ ತರಗತಿಯಲ್ಲಿ ಅದು ಬೇರೆ ಫಲ ಕೊಟ್ಟಿತು. ವಿನೋದ ಬಿಹಾರಿಯವರ ಮಗಳು ಮೃಣಾಲಿನಿ ಮುಖರ್ಜಿ ಬರೋಡದಲ್ಲಿ ಸುಬ್ರಮಣ್ಯನ್ ಅವರ ಬಳಿ ಭಿತ್ತಿ ವಿನ್ಯಾಸ ಕಲಿತವರು. ಸೆಣಬಿನಂಥ ನಾರಿನ ಹಗ್ಗವನ್ನು ಗಂಟು ಹಾಕುತ್ತ ಹಾಕುತ್ತ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು. ಹೂವೂ ಹೌದು, ದೇವತೆಯೂ ಹೌದು ಎನ್ನುವಂಥವು. ಅದು ಶಿಲ್ಪವೋ ಹೆಣಿಗೆಯೋ ಎಂದು ಆಗ ಹಿಂಜರಿದ ಕಲಾಲೋಕ ಅವರು 2015ರಲ್ಲಿ ತೀರಿಕೊಂಡ ಮೇಲೆ ಪೂರಾ ಒಪ್ಪಿಕೊಂಡಿತು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತು.

1980ರಲ್ಲಿ ಸುಬ್ರಮಣ್ಯನ್ ಪ್ರಾಧ್ಯಾಪಕರಾಗಿ ಶಾಂತಿನಿಕೇತನಕ್ಕೆ ಹಿಂದಿರುಗಿದರು. ಅಲ್ಲಿ ಅವರ ಬಳಿ ಕಲಿತವರಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಒಬ್ಬರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆಯಲ್ಲಿ ಓದಿ ಅಲ್ಲಿಗೆ ಹೋದವರು. ಚಿತ್ರಕಾರ್ತಿಯಾಗಿ ಆರಂಭಿಸಿ ಮುಂದೆ ಸಗಣಿ, ಕುಂಕುಮ, ಊದುಬತ್ತಿ, ಟಾರ್ ಡ್ರಮ್ಮುಗಳ ತಗಡನ್ನು ತಮ್ಮ ಮಾಧ್ಯಮವಾಗಿಸಿಕೊಂಡರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮದಲ್ಲಿ ಅದ್ದಿ, ಹಗ್ಗವಾಗಿಸಿ ಗೋಡೆಯಿಂದ ನೆಲಕ್ಕೆ ಹರಿಯಬಿಟ್ಟರು. 2009ರ ವೆನಿಸ್ ಬಿನಾಲೆಯಲ್ಲಿ ಅವರ ಕೃತಿ ಇತ್ತು. ಗುರುವಿನ ಚಿತ್ರಗಳಿಗೂ ಈ ಕೆಲಸಕ್ಕೂ ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲ. ತನ್ನ ಹಾಗೆ ಬರೆಯುವ ಶಿಷ್ಯರನ್ನು ತಯಾರಿಸದಿರುವುದು ಕಲಾಶಿಕ್ಷಕನಿಗೆ ಬಹಳ ಕಷ್ಟದ ಕೆಲಸ; ನಮ್ಮ ಅನೇಕ ಕಲಾಶಾಲೆಗಳ ವಾರ್ಷಿಕ ಪ್ರದರ್ಶನ ನೋಡಿದವರಿಗೆ ಇದು ಗೊತ್ತು.

ಬರಹ ಮತ್ತು ಪಾಠ ಚಿತ್ರಕಾರನ ಸಮಯವನ್ನು ತಿಂದವೇ? ಲೆಕ್ಕ ಹಾಗೆ ಹೇಳುವುದಿಲ್ಲ. 1989ರಲ್ಲಿ ನಿವೃತ್ತರಾದ ಮೇಲೂ ಅವರು ಶಾಂತಿನಿಕೇತನದಲ್ಲಿ ಉಳಿದರು. ಕಲಾಭವನದ ಆವರಣದಲ್ಲಿ 1930ರ ದಶಕದಲ್ಲಿ ಗುರುಶಿಷ್ಯರು ಸೇರಿ ಮಣ್ಣು ಮತ್ತು ಟಾರಿನಲ್ಲಿ ಕಟ್ಟಿದ 'ಕಾಲೊ ಬಾಡಿ', ಅಂದರೆ ಕಪ್ಪು ಮನೆ, ಇದೆ. ಅದೇ ಆವರಣದ ವಿನ್ಯಾಸ ವಿಭಾಗದ ಕಟ್ಟಡಕ್ಕೆ 1990ರ ಸುಮಾರಿಗೆ ಸುಬ್ರಮಣ್ಯನ್ ಹೊರಗೋಡೆ ತುಂಬ ಕಪ್ಪು ಬಿಳುಪಿನಲ್ಲಿ ಪ್ರಾಣಿ, ಪಕ್ಷಿ, ದೇವತೆ, ಮನುಷ್ಯರನ್ನು ಬರೆದರು. ಬಂಗಾಳದ ಮಳೆ ಬಿಸಿಲಿಗೆ ಅದು ಮಾಸಿತು. ಅವರು 2004ರಲ್ಲಿ ಬರೋಡಕ್ಕೆ ಹೋಗಿ ನೆಲೆಸಿದ್ದರು. ಹಳೆಯದನ್ನು ದುರಸ್ತಿ ಮಾಡಿಸುವುದು ಯಾರಾದರೂ ಹೇಳುವ ದಾರಿ. ಅವರು 2009ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಮತ್ತೆ ಬಂದು ಅದೇ ಗೋಡೆಯ ಮೇಲೆ ಹೊಸ ಚಿತ್ರಗಳನ್ನೇ ಬರೆದರು.

2012ರಲ್ಲಿ 'ವಾರ್ ಆಫ್ ದಿ ರೆಲಿಕ್ಸ್' ಎಂಬ, 36 ಅಡಿ ಉದ್ದದ ಕಪ್ಪು ಬಿಳುಪಿನ ಚಿತ್ರ ಬಂತು. ಧರ್ಮ ಧರ್ಮಗಳು ತಮ್ಮ ತಮ್ಮ ಅವಶೇಷಗಳನ್ನು ಹಿಡಿದುಕೊಂಡು ಕಾದಾಡುವ, ಯಾರು ದೇವರು ಯಾರು ಮೃಗ ಎಂದು ಗೊತ್ತಾಗದ ಗದ್ದಲ ಅದು. 2016ರ ಜೂನ್ 29ರಂದು ವಡೋದರಾದಲ್ಲಿ ಅವರು ತೀರಿಕೊಂಡರು, 92 ವರ್ಷ ವಯಸ್ಸಾಗಿತ್ತು. ಬರೋಡದ ಮೇಳಕ್ಕೆ ಅವರು ಮಾಡಿದ ಮರದ ಪ್ರಾಣಿಗಳಲ್ಲಿ ಕೆಲವು ಈಗ ಗಾಜಿನ ಪೆಟ್ಟಿಗೆಗಳಲ್ಲಿವೆ, ಮಕ್ಕಳ ಕೈಗೆ ಸಿಗದಂತೆ.